ಅಗೆಯಬಾರದ ನಿಧಿ

ಶಾಸನಗಳೊಡನೆ ಐವತ್ತು ವರ್ಷ ಒಡನಾಡಿದವನನ್ನು ಜನರು ಮೊದಲಿಗೆ ಕೇಳುವ ಪ್ರಶ್ನೆ ಯಾವುದೆಂದು ಯಾರಾದರೂ ವಿಚಾರಿಸಿದರೆ ನಾನು ಯೋಚಿಸದೆ ಉತ್ತರ ಹೇಳಬಲ್ಲೆ. ಆ ಪ್ರಶ್ನೆ ಕಲ್ಲನ್ನು ನೆಡಿಸಿದ ಅರಸನದಲ್ಲ, ಅದರ ಕಾಲದ್ದೂ ಅಲ್ಲ. ‘ಇದರಲ್ಲಿ ನಿಧಿ ಎಲ್ಲಿದೆ ಅಂತ ಬರೆದಿದೆಯಾ ಸ್ವಾಮಿ?’ ಎಂಬುದೇ ಆ ಪ್ರಶ್ನೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಹಾಳು ಬಸದಿಯ ಅಂಗಳದಲ್ಲಿ, ಎಲ್ಲಿ ಕುಳಿತು ಕಲ್ಲನ್ನು ತೊಳೆಯತೊಡಗಿದರೂ ಹತ್ತು ನಿಮಿಷದೊಳಗೆ ಈ ಮಾತು ಬೆನ್ನ ಹಿಂದಿನಿಂದ ಕೇಳಿಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಸರಳರು. ಕೆಲವರು ಮಾತ್ರ ಸರಳರಲ್ಲ.

ಈ ಪ್ರಶ್ನೆಗೆ ನಾನು ಒಮ್ಮೆ ಕೊಟ್ಟ ಉತ್ತರವೊಂದು ಇಂದಿಗೂ ನನ್ನನ್ನು ಬಾಧಿಸುತ್ತದೆ. ಆಗ ನಾನು ಹೊಸದಾಗಿ ಅಧ್ಯಾಪಕನಾಗಿದ್ದೆ. ನಮ್ಮ ಜಿಲ್ಲೆಯ ಒಂದು ಹಳ್ಳಿಯ ಹೊರಗೆ ಪಾಳುಬಿದ್ದ ಬಸದಿಯ ಮುಂದೆ ಎದೆಯುದ್ದದ ಶಾಸನವಿದೆಯೆಂದು ತಿಳಿದು ಪಡಿಯಚ್ಚು ತೆಗೆಯಲು ಹೋಗಿದ್ದೆ. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ತಟ್ಟಿ, ಮಸಿಯೊತ್ತಿ, ಅಕ್ಷರಗಳು ಬಿಳಿಯಾಗಿ ಮೇಲೆದ್ದು ಬರುವಾಗ ಸುತ್ತಲೂ ಹದಿನೈದು ಇಪ್ಪತ್ತು ಜನ ನೆರೆದಿದ್ದರು. ಯೌವನದ ಉತ್ಸಾಹ, ಜೊತೆಗೆ ಅಷ್ಟೊಂದು ಶ್ರೋತೃಗಳು. ನಾನು ಗಟ್ಟಿಯಾಗಿ ಓದತೊಡಗಿದೆ. ಬಸದಿಗೆ ಬಿಟ್ಟ ಭೂಮಿಯ ಎಲ್ಲೆಗಳು ಮುಗಿದು ದಾನದ ವಿವರ ಬಂದಾಗ ನನ್ನ ಬಾಯಿಂದ ‘ನಿಧಿ, ನಿಕ್ಷೇಪ’ ಎಂಬ ಎರಡು ಪದಗಳು ಹೊರಟವು. ಗುಂಪು ಒಮ್ಮೆಲೇ ಮೌನವಾಯಿತು. ಅಷ್ಟರಲ್ಲಿ ಮಳೆಯ ಹನಿ ಬಿದ್ದಿತು. ಕಾಗದ ನೆನೆಯುವುದೆಂಬ ಆತಂಕದಲ್ಲಿ ಎಲ್ಲವನ್ನೂ ಸುತ್ತಿಕೊಂಡು, ಅರ್ಥವನ್ನು ಇನ್ನೊಮ್ಮೆ ಬಂದಾಗ ಹೇಳುವೆನೆಂದು ಬಸ್ಸು ಹಿಡಿದೆ.

ಆ ಅರ್ಥ ಎರಡು ವಾಕ್ಯಗಳಲ್ಲಿ ಮುಗಿಯುವಂಥದು. ನಮ್ಮ ನಾಡಿನ ದಾನಶಾಸನಗಳಲ್ಲಿ ಭೂಮಿಯನ್ನು ‘ಅಷ್ಟಭೋಗ ತೇಜಸ್ವಾಮ್ಯ’ ಸಹಿತವಾಗಿ ಕೊಟ್ಟೆವೆಂದು ಹೇಳುವುದು ವಾಡಿಕೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳು ಅವು: ಮುಂದೆಂದಾದರೂ ಆ ನೆಲದಲ್ಲಿ ಹೂಳಿದ ದ್ರವ್ಯವೋ ಇರಿಸಿದ ದ್ರವ್ಯವೋ ಸಿಕ್ಕರೆ ಅದು, ಅಲ್ಲಿಯ ನೀರು, ಕಲ್ಲು, ಈಗಿರುವ ಹುಟ್ಟುವಳಿ, ಮುಂದೆ ಬರುವ ಹುಟ್ಟುವಳಿ, ಸಾಗುವಳಿಯಾದ ನೆಲ, ಸಾಗುವಳಿಗೆ ತರಬಹುದಾದ ನೆಲ, ಎಲ್ಲದರ ಹಕ್ಕೂ ಪಡೆದವನದೇ. ಇಂದಿನ ನೋಂದಣಿ ಕಚೇರಿಯ ಕ್ರಯಪತ್ರದಲ್ಲಿ ಗಿಡ, ಮರ, ಬಾವಿ ಸಮೇತ ಎಂದು ಬರೆಯುವಂತೆಯೇ ಇದು. ನಿಧಿ ಇದೆ ಎಂದು ಶಾಸನ ಹೇಳುವುದಿಲ್ಲ. ಇದ್ದರೆ ಯಾರದೆಂದು ಹೇಳುತ್ತದೆ. ಈ ಎರಡು ಮಾತುಗಳನ್ನು ಅಂದು ನಾನು ಹೇಳಲಿಲ್ಲ.

ಎರಡು ತಿಂಗಳ ನಂತರ ಹೋದಾಗ ಕಲ್ಲು ನಿಂತಿದ್ದ ಜಾಗದಲ್ಲಿ ಆಳೆತ್ತರದ ಗುಂಡಿಯಿತ್ತು. ಅಂಚಿನಲ್ಲಿ ಬಾಡಿದ ನಿಂಬೆಹಣ್ಣು, ಕುಂಕುಮ, ಸುಟ್ಟ ಬತ್ತಿ. ಶಾಸನ ಎರಡು ತುಂಡಾಗಿ ಬಿದ್ದಿತ್ತು. ಬಸದಿಯೊಳಗಿನ ಪೀಠವನ್ನೂ ಕಿತ್ತು ಮಗುಚಿದ್ದರು. ಅಮಾವಾಸ್ಯೆಯ ರಾತ್ರಿ ಯಾರೋ ಹೊರಗಿನವರು ಬಂದಿದ್ದರು ಎಂದರು ಊರವರು. ಹೊರಗಿನವರಿಗೆ ದಾರಿ ತೋರಿದ ಮಾತು ನನ್ನದೇ ಎಂಬುದು ನನಗೆ ತಿಳಿದಿತ್ತು. ಅಂದಿನಿಂದ ಹಳ್ಳಿಗಳಲ್ಲಿ ಶಾಸನವನ್ನು ಗಟ್ಟಿಯಾಗಿ ಓದುವುದನ್ನೇ ಬಿಟ್ಟುಬಿಟ್ಟೆ. ಪಡಿಯಚ್ಚು ತೆಗೆದು, ಮನೆಗೆ ತಂದು, ಬಾಗಿಲು ಹಾಕಿಕೊಂಡು ಓದಿ, ಲೇಖನ ಬರೆದು, ವಿದ್ವಾಂಸರಿಗೆ ಕಳುಹಿಸಿದೆ. ಇದೇ ಎಚ್ಚರಿಕೆಯ ಮಾರ್ಗವೆಂದು ನಂಬಿದ್ದೆ.

ಈ ನಂಬಿಕೆಯನ್ನು ಅಲುಗಿಸಿದ್ದು ಒಂದು ಆಟ.

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ನೆಲೆಸಿರುವ ಮಗಳ ಮನೆಗೆ ಹೋಗಿದ್ದಾಗ ಅವಳು ನಮ್ಮನ್ನೆಲ್ಲ ವಿಲ್ಟ್‌ಶೈರ್ ಪ್ರಾಂತದ ಲೇಕಾಕ್ ಎಂಬ ಹಳೆಯ ಹಳ್ಳಿಗೆ ಕರೆದೊಯ್ದಳು. ಚೌಕಾಕಾರದಲ್ಲಿ ಕೂಡುವ ನಾಲ್ಕು ಬೀದಿಗಳು, ಮರದ ಚೌಕಟ್ಟಿನ ಮನೆಗಳು, ಒಂದು ಇಗರ್ಜಿ, ಪಕ್ಕದಲ್ಲಿ ಹಿಂದಿನ ಸನ್ಯಾಸಿನಿಯರ ಮಠ. ಇಷ್ಟೇ ಆ ಊರು. 1944ರಲ್ಲಿ ಅದರ ಒಡತಿ ಇಡೀ ಹಳ್ಳಿಯನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಗೆ ಒಪ್ಪಿಸಿದ್ದರಿಂದ ಅದು ಕೆಡದೆ ಉಳಿದಿದೆ. ಮಗಳ ಕೈಯಲ್ಲಿ ಒಂದು ಕಿರುಪುಸ್ತಿಕೆಯಿತ್ತು. ಅದು ‘ಟ್ರೆಷರ್ ಟ್ರೇಲ್’ ಎಂಬ ಆಟದ ಪುಸ್ತಿಕೆ. ಮಾರ್ಗದರ್ಶಿಯಿಲ್ಲ, ಹೊತ್ತಿನ ನಿರ್ಬಂಧವಿಲ್ಲ. ಪುಸ್ತಿಕೆ ಹೇಳಿದ ದಾರಿಯಲ್ಲಿ ನಮ್ಮಷ್ಟಕ್ಕೆ ನಾವು ನಡೆಯಬೇಕು. ಒಂದು ಕಲ್ಪಿತ ಕಳ್ಳತನದ ಕತೆ, ಸಂಶಯಿತರ ಒಂದು ಪಟ್ಟಿ. ಬಾಗಿಲ ಮೇಲಿನ ಬರೆಹ, ಗೋಡೆಯ ಫಲಕ, ಕಂಬದ ಮೇಲಿನ ಚಿಹ್ನೆ, ಹೀಗೆ ಕಣ್ಣೆದುರಿಗೇ ಇರುವ ವಸ್ತುಗಳಲ್ಲಿ ಒಗಟುಗಳ ಉತ್ತರ ಅಡಗಿರುತ್ತದೆ. ಒಂದೊಂದು ಉತ್ತರ ದೊರೆತಂತೆ ಒಬ್ಬೊಬ್ಬ ಸಂಶಯಿತನ ಹೆಸರಿಗೆ ಅಡ್ಡಗೆರೆ. ಕೊನೆಗುಳಿದವನು ಅಪರಾಧಿ.

ಮೊಮ್ಮಗಳಿಗೆ ಆಗ ಎಂಟು ವರ್ಷ, ಮೊಮ್ಮಗನಿಗೆ ಆರು. ಸಾಮಾನ್ಯವಾಗಿ ಹಳೆಯ ಕಟ್ಟಡದ ಮುಂದೆ ಐದು ನಿಮಿಷ ನಿಲ್ಲಲಾರದ ಆ ಮಕ್ಕಳು ಅಂದು ಎರಡು ಗಂಟೆ ಕಾಲ ಕಲ್ಲುಗಳನ್ನು ಓದುತ್ತ ನಡೆದರು. ಅವರ ಹಿಂದೆ ನಡೆದ ನಾನೂ ಬಹಳವನ್ನು ಓದಿದೆ. ಆ ಮಠವನ್ನು 1232ರಲ್ಲಿ ಸ್ಥಾಪಿಸಿದವಳು ಎಲಾ ಎಂಬ ಶ್ರೀಮಂತ ವಿಧವೆ; ಮುಂದೆ ತಾನೂ ಅಲ್ಲಿಯೇ ಸನ್ಯಾಸಿನಿಯಾಗಿ ಮಠಾಧಿಕಾರಿಣಿಯಾದಳು. ಅದೇ ಕಾಲದಲ್ಲಿ ನಮ್ಮಲ್ಲಿ ಹೊಯ್ಸಳ ಎರಡನೆಯ ನರಸಿಂಹ ಆಳುತ್ತಿದ್ದನು. 1835ರಲ್ಲಿ ಅದೇ ಮಠದ ಕಿಟಕಿಯೊಂದರ ಬಿಂಬವನ್ನು ಟಾಲ್ಬಟ್ ಎಂಬ ವಿಜ್ಞಾನಿ ಅಂಗೈಗಿಂತ ಚಿಕ್ಕದಾದ ಕಾಗದದ ಮೇಲೆ ಹಿಡಿದನು. ಛಾಯಾಚಿತ್ರದ ಇತಿಹಾಸದಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯ ನೆಗೆಟಿವ್ ಅದೇ. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಮೂಡಿದ ಆ ಕಿಟಕಿಯ ಪ್ರತಿಯನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ಪಡಿಯಚ್ಚು. ಮನುಷ್ಯ ಎಲ್ಲೆಡೆಯೂ ಒಂದೇ ಯತ್ನದಲ್ಲಿದ್ದಾನೆ: ಇದ್ದುದನ್ನು ಇದ್ದಲ್ಲಿಯೇ ಬಿಟ್ಟು ಅದರ ಗುರುತನ್ನು ಮಾತ್ರ ಮನೆಗೆ ಒಯ್ಯುವುದು.

ಹಿಂದಿರುಗುವಾಗ ಮೊಮ್ಮಗಳು ಕೇಳಿದಳು: ‘ತಾತ, ಬೆಳಗೊಳದಲ್ಲಿ ಇಂಥದ್ದು ಯಾಕಿಲ್ಲ?’

ನಾನು ಏನೋ ಹೇಳಿ ಮಾತು ತೇಲಿಸಿದೆ. ನಿಧಿಯ ಹೆಸರು ಬರೆದ ಕಾಗದವನ್ನು ಹಿಡಿದು ನಮ್ಮ ಬಸದಿಗಳ ನಡುವೆ ಅಲೆಯುವ ಕಲ್ಪನೆಯೇ ನನಗೆ ಭಯ ತರುವಂತಿತ್ತು.

ಆದರೆ ಮಕ್ಕಳು ಮರೆಯುವುದಿಲ್ಲ. ಕಳೆದ ವರ್ಷ ಬೇಸಿಗೆ ರಜೆಗೆ ಊರಿಗೆ ಬಂದಾಗ ಅವಳು ಆ ಪುಸ್ತಿಕೆಯನ್ನು ಜೋಪಾನವಾಗಿ ತಂದಿದ್ದಳು. ಶ್ರವಣಬೆಳಗೊಳಕ್ಕೆ ಹೋಗುವುದು ನಿಶ್ಚಯವಾಗಿತ್ತು. ಮೂರು ರಾತ್ರಿ ಕುಳಿತು ನಾನೊಂದು ಹಾಳೆ ಸಿದ್ಧಪಡಿಸಿದೆ. ತಲೆಬರಹದಲ್ಲಿ ನಿಧಿ ಎಂಬ ಪದ ಬೇಡವೆಂದು ನಾನು, ಅದಿಲ್ಲದಿದ್ದರೆ ಆಟವೇ ಅಲ್ಲವೆಂದು ಅವಳು. ಕೊನೆಗೆ ‘ಅಗೆಯಬಾರದ ನಿಧಿ’ ಎಂದು ಬರೆದುಕೊಟ್ಟೆ. ಕೆಳಗೆ ಮೂರು ನಿಯಮಗಳು: ಏನನ್ನೂ ಮುಟ್ಟಬಾರದು, ಏನನ್ನೂ ಕದಲಿಸಬಾರದು, ಪೂಜೆಯ ಹೊತ್ತಿನಲ್ಲಿ ಮಾತನಾಡಬಾರದು.

ಬೆಳಗೊಳಕ್ಕೆ ಬರುವವರಲ್ಲಿ ಬಹುಮಂದಿ ದೊಡ್ಡಬೆಟ್ಟ ಹತ್ತಿ, 58 ಅಡಿಯ ಗೊಮ್ಮಟನನ್ನು ಕಂಡು, ಇಳಿದು, ವಾಹನ ಏರುತ್ತಾರೆ. ಅದು ತಪ್ಪಲ್ಲ. ಆ ಮೂರ್ತಿಯನ್ನು ಕಂಡ ಕಣ್ಣಿಗೆ ಬೇರೇನೂ ಬೇಕೆನಿಸದಿರುವುದು ಸಹಜ. ಆದರೆ ‘ಎಪಿಗ್ರಾಫಿಯಾ ಕರ್ನಾಟಿಕ’ದ ಎರಡನೆಯ ಸಂಪುಟದ ಕತೆ ಬೇರೆ. ಬಿ. ಎಲ್. ರೈಸ್ 1889ರಲ್ಲಿ ಇಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಪರಿಷ್ಕೃತ ಆವೃತ್ತಿಯಲ್ಲಿ ಅದು 573 ಆಯಿತು. ಇವುಗಳಲ್ಲಿ 271 ಚಿಕ್ಕಬೆಟ್ಟದಲ್ಲಿವೆ, 172 ದೊಡ್ಡಬೆಟ್ಟದಲ್ಲಿ, 80 ಊರೊಳಗೆ, 50 ಸುತ್ತಲ ಹಳ್ಳಿಗಳಲ್ಲಿ. ಆದ್ದರಿಂದ ನನ್ನ ಹಾಳೆ ಮಕ್ಕಳನ್ನು ಮೊದಲು ಊರೊಳಗೆ, ಆಮೇಲೆ ಚಿಕ್ಕಬೆಟ್ಟಕ್ಕೆ ಕರೆದೊಯ್ಯುತ್ತಿತ್ತು.

ಆಟ ತೊಡಗಿದ್ದು ಕಲ್ಯಾಣಿಯ ಮೆಟ್ಟಿಲುಗಳ ಮೇಲೆ. ‘ಊರಿನ ಹೆಸರಿನಲ್ಲಿ ಒಂದು ಬಣ್ಣವಿದೆ, ಒಂದು ನೀರಿದೆ. ಬಿಡಿಸಿ’ ಎಂಬುದು ಪೀಠಿಕೆಯ ಒಗಟು. ಬೆಳ್ ಎಂದರೆ ಬಿಳುಪು, ಕೊಳ ಸೇರಿ ಬೆಳ್ಗೊಳ. ಚಿಕ್ಕದೇವರಾಜ ಒಡೆಯರು ಈ ಕಲ್ಯಾಣಿಯನ್ನು ಕಟ್ಟಿಸುವುದಕ್ಕೆ ಎಷ್ಟೋ ಶತಮಾನ ಮೊದಲೇ ಊರಿಗೆ ಈ ಹೆಸರಿತ್ತು. ಹೆಸರು ಹೊತ್ತ ಕೊಳವೇ ಊರ ನಡುವೆ ಇದ್ದರೂ ಬಂದವರು ಅದನ್ನು ಬಳಸಿಕೊಂಡು ನಡೆಯುತ್ತಾರೆ.

ಅಲ್ಲಿಯೇ ನಾನು ಹೆದರಿದ್ದ ಪ್ರಶ್ನೆಯೂ ಎದುರಾಯಿತು. ಎಳನೀರು ಮಾರುತ್ತಿದ್ದ ವೃದ್ಧರೊಬ್ಬರು ಮಕ್ಕಳ ಕೈಯ ಹಾಳೆಯನ್ನು ನೋಡಿ, ‘ಏನ್ ಸ್ವಾಮಿ, ನಕ್ಷೆ ಹಿಡ್ಕೊಂಡು ಹೊಂಟಿದೀರಿ, ನಿಧಿಗಿಧಿ ಹುಡುಕ್ತಿದೀರಾ?’ ಎಂದರು. ಅವರು ನಗುತ್ತಲೇ ಕೇಳಿದರು. ನನ್ನ ನಾಲಿಗೆ ಮಾತ್ರ ಒಣಗಿತು. ಐವತ್ತು ವರ್ಷದ ಹಿಂದಿನ ಆ ಮೌನ ಮತ್ತೆ ಕೇಳಿಸಿದಂತಾಯಿತು. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು, ‘ಹೌದು ತಾತ. ಆದರೆ ಅಗೆಯೋ ಹಾಗಿಲ್ಲ’ ಎಂದಳು.

‘ಅಗೀದೆ ಸಿಗೋ ನಿಧಿ ಯಾವ್ದವ್ವ ಅದು?’

‘ಗೊತ್ತಿಲ್ಲ. ಕೊನೆಗೆ ಗೊತ್ತಾಗುತ್ತಂತೆ.’

‘ಗೊತ್ತಾದ್ರೆ ಬರ್ತಾ ನಂಗೂ ಹೇಳ್ಬುಟ್ಟು ಹೋಗ್ರವ್ವ’ ಎಂದು ಅವರು ಮಕ್ಕಳಿಗೊಂದು ಎಳನೀರು ಕೆತ್ತಿಕೊಟ್ಟರು.

ಸಂಶಯಿತರ ಪಟ್ಟಿ ಜೈನಮಠದಲ್ಲಿತ್ತು. ಮಠದ ಭಿತ್ತಿಚಿತ್ರಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿದೆ, ತೀರ್ಥಂಕರರ ಚರಿತೆಯ ದೃಶ್ಯಗಳಿವೆ, ಇವುಗಳ ಜೊತೆಗೆ ಒಂದು ಮರವೂ ಆರು ಜನರೂ ಇದ್ದಾರೆ. ಅದು ಷಡ್‌ಲೇಶ್ಯೆಗಳ ಚಿತ್ರ. ಕಾಡಿನಲ್ಲಿ ದಾರಿ ತಪ್ಪಿ ಹಸಿದ ಆರು ಮಂದಿ ಹಣ್ಣು ತುಂಬಿದ ಮರವನ್ನು ಕಂಡರು. ಒಬ್ಬನು ಮರವನ್ನು ಬುಡಸಹಿತ ಕೀಳೋಣವೆಂದನು, ಇನ್ನೊಬ್ಬನು ಕಾಂಡವನ್ನು ಕಡಿಯೋಣವೆಂದನು, ಮತ್ತೊಬ್ಬನು ದೊಡ್ಡ ಕೊಂಬೆಯನ್ನು, ನಾಲ್ಕನೆಯವನು ಚಿಕ್ಕ ರೆಂಬೆಯನ್ನು. ಐದನೆಯವನು ಹಣ್ಣನ್ನಷ್ಟೇ ಕೀಳೋಣವೆಂದನು, ಆರನೆಯವನು ಕೆಳಗೆ ಬಿದ್ದುದನ್ನು ಆರಿಸಿಕೊಂಡು ತಿನ್ನೋಣವೆಂದನು. ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಎಂಬುವು ಅವರವರ ಮನಸ್ಸಿನ ಬಣ್ಣಗಳು. ಈ ದೃಷ್ಟಾಂತ ‘ಗೊಮ್ಮಟಸಾರ’ದಲ್ಲಿ ಬರುತ್ತದೆ. ಅದನ್ನು ರಚಿಸಿದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳು. ‘ಈ ಆರು ಜನರಲ್ಲಿ ನಿಧಿ ದೊರೆತದ್ದು ಯಾರಿಗೆ?’ ಎಂಬುದೇ ನಮ್ಮ ಆಟದ ರಹಸ್ಯ. ಮುಂದಿನ ಐದು ಒಗಟುಗಳು ಬಿಡಿಸಿದಂತೆ ಐವರ ಹೆಸರಿಗೆ ಅಡ್ಡಗೆರೆ ಬೀಳಬೇಕು.

ಮೊದಲ ಒಗಟು: ‘ಭಂಡಾರದ ಬೀಗದ ಕೈ ಹಿಡಿದಿದ್ದವನು ಬಿಟ್ಟುಹೋದ ನಿಧಿಯನ್ನು ಎಣಿಸಿ.’ ಮಠದ ಪಕ್ಕದಲ್ಲಿಯೇ ಭಂಡಾರಿ ಬಸದಿ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ್ದು. ಊರಿನ ಬಸದಿಗಳಲ್ಲೆಲ್ಲ ಇದೇ ದೊಡ್ಡದು. ಗರ್ಭಗೃಹದ ಉದ್ದನೆಯ ಒಂದೇ ಪೀಠದ ಮೇಲೆ ತೀರ್ಥಂಕರರೆಲ್ಲ ಸಾಲಾಗಿ ನಿಂತಿದ್ದಾರೆ. ಮೊಮ್ಮಗ ಮೂರು ಬಾರಿ ಎಣಿಸಿದ. ಮೊದಲು 23, ಆಮೇಲೆ 25, ಕಡೆಗೆ 24. ರಾಜ್ಯದ ಹೊನ್ನೆಲ್ಲ ಕೈಮೇಲೆ ಹಾದುಹೋಗುತ್ತಿದ್ದ ಮನುಷ್ಯನೊಬ್ಬನ ಹೆಸರು ಎಂಟೂವರೆ ಶತಮಾನ ಉಳಿದದ್ದು ಇಟ್ಟುಕೊಂಡ ಹೊನ್ನಿನಿಂದಲ್ಲ. ಮಕ್ಕಳಿಗೆ ಇದನ್ನು ನಾನು ಹೇಳಲಿಲ್ಲ. ಬುಡ ಕೀಳುವವನ ಹೆಸರಿಗೆ ಗೆರೆ ಬಿತ್ತು.

ಎರಡನೆಯದು ಅದೇ ಬಸದಿಯ ಆವರಣದ ಕಲ್ಲು, 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿ, ಜೈನರು ಅರಸನಲ್ಲಿ ಮೊರೆಯಿಟ್ಟಾಗ ಅವನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ ಸಂಗತಿ ಇದರಲ್ಲಿದೆ. ಒಗಟು ಹೀಗಿತ್ತು: ‘ಜಗಳ ತೀರಿದ ಮೇಲೆ ಮನೆಯೊಂದಕ್ಕೆ ಎಷ್ಟು ವೆಚ್ಚ?’ ಉತ್ತರ, ವರ್ಷಕ್ಕೆ ಒಂದು ಹಣ. ಜೈನರ ಮನೆಮನೆಯಿಂದ ಬಂದ ಆ ಹಣದಲ್ಲಿ ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಕಾವಲಿನವರನ್ನು ನೇಮಿಸುವ ಹೊಣೆಯನ್ನು ವಹಿಸಿದ್ದು ತಿರುಮಲೆಯ ತಾತಯ್ಯನಿಗೆ, ಎಂದರೆ ವೈಷ್ಣವರಿಗೆ. ಮಿಕ್ಕ ಹಣ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದಕ್ಕೆ. ‘ಜಗಳ ಆಡಿದವರಿಗೇ ಕಾವಲು ಕೊಟ್ಟರಾ?’ ಎಂದು ಮೊಮ್ಮಗಳು ಬೆರಗಾದಳು. ಒಂದು ಪಾಠಪುಸ್ತಕದ ಅಧ್ಯಾಯ ಹುಟ್ಟಿಸಲಾರದ ಬೆರಗು ಅದು.

ಮೂರನೆಯದು ಅಕ್ಕನ ಬಸದಿ. 1181ರಲ್ಲಿ ಇದನ್ನು ಕಟ್ಟಿಸಿದ ಆಚಿಯಕ್ಕ ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ. ಗಂಡ ಶೈವ, ಹೆಂಡತಿ ಜಿನಭಕ್ತೆ. ಅವಳು ಪಾರ್ಶ್ವನಾಥನಿಗೆ ಬಸದಿ ಕಟ್ಟಿಸಿದಳು. ಅದರ ಪೂಜೆಗೆ ಗ್ರಾಮವೊಂದನ್ನು ಬಿಡಬೇಕೆಂದು ಅರಸನನ್ನು ಕೇಳಿಕೊಂಡವನು ಶೈವನಾದ ಅವಳ ಗಂಡ. ನುಣ್ಪಿಗೆ ಕನ್ನಡಿಯಂತಾದ ಬಳಪದ ಕಲ್ಲಿನ ಕಂಬಗಳಲ್ಲಿ ಮಕ್ಕಳು ತಮ್ಮ ಮುಖ ನೋಡಿಕೊಂಡರು. ಮುಟ್ಟಬಾರದೆಂಬ ನಿಯಮ ಅತ್ಯಂತ ಕಷ್ಟವಾದದ್ದು ಇಲ್ಲಿಯೇ.

ನಾಲ್ಕನೆಯದು ಮಂಗಾಯಿ ಬಸದಿ. ‘ಕುಣಿದವಳು ಕಟ್ಟಿಸಿದ ಮನೆಗೆ ಕಾವಲಿರುವವರು ಎಷ್ಟು ಮಂದಿ?’ ಬಾಗಿಲ ಬದಿಯ ಎರಡು ಕಲ್ಲಾನೆಗಳನ್ನು ಮೊಮ್ಮಗ ದೂರದಿಂದಲೇ ಕಂಡುಹಿಡಿದ. ಬೆಳಗೊಳದ ಮಂಗಾಯಿ ‘ರಾಯಪಾತ್ರ ಚೂಡಾಮಣಿ’, ಆಸ್ಥಾನ ನರ್ತಕಿಯರಲ್ಲಿ ಮೇಲಾದವಳು. ಭಂಡಾರಿ, ಮಂತ್ರಿಯ ಮಡದಿ, ನರ್ತಕಿ: ಒಂದೇ ಬೆಳಗಿನ ನಡಿಗೆಯಲ್ಲಿ ಇವರೆಲ್ಲ ಎದುರಾದರು. ಬೆಟ್ಟದ ಮೇಲಿನ ದೊಡ್ಡ ಮೂರ್ತಿಯ ನೆರಳಿನಲ್ಲಿ ನಾವು ಕಾಣದೆ ಹೋಗುವ ಜನ ಇವರು.

ಈ ನಡುವೆ ಮೊಮ್ಮಗಳು ಒಂದು ಆಕ್ಷೇಪವೆತ್ತಿದಳು. ಅಚೌರ್ಯಾಣುವ್ರತವೆಂದರೇನೆಂದು ಹಿಂದಿನ ದಿನ ಅವಳಿಗೆ ಹೇಳಿದ್ದೆ. ‘ರತ್ನಕರಂಡಕ’ದಲ್ಲಿ ಸಮಂತಭದ್ರಾಚಾರ್ಯರು ಕೊಟ್ಟ ಲಕ್ಷಣವದು: ಪರರು ಇಟ್ಟುದನ್ನಾಗಲಿ, ಬಿದ್ದುದನ್ನಾಗಲಿ, ಮರೆತುದನ್ನಾಗಲಿ, ಕೊಡದೆ ತೆಗೆದುಕೊಳ್ಳದಿರುವುದು. ‘ಬಿದ್ದದ್ದನ್ನೂ ತೆಗೀಬಾರದು ಅಂದಿರಿ. ಆರನೆಯವನು ಬಿದ್ದ ಹಣ್ಣನ್ನೇ ತೆಗೆದನಲ್ಲ?’ ಎಂದಳು. ಕಾಡಿನ ಮರಕ್ಕೆ ಒಡೆಯನಿಲ್ಲ, ಅದು ತಾನಾಗಿ ಉದುರಿಸಿದ್ದು ಯಾರದೂ ಅಲ್ಲ. ಮನುಷ್ಯ ಹೂಳಿಟ್ಟ ವಸ್ತುವಿಗೆ ಹೂಳಿಟ್ಟವನಿದ್ದಾನೆ ಎಂದು ಸಮಾಧಾನ ಹೇಳಿದೆ. 1878ರ ನಿಧಿ ಕಾಯಿದೆ ಕೂಡ ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗೆ ಮೀರಿದ ವಸ್ತುವನ್ನು ಕಲೆಕ್ಟರರಿಗೆ ತಿಳಿಸಬೇಕೆಂದೇ ವಿಧಿಸಿತು. ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: ‘ಹಾಗಾದರೆ ಕಲ್ಲಿನ ಮೇಲೆ ಬರೆದದ್ದು ಯಾರದು?’

ಈ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ಶಾಸನವನ್ನು ಬರೆಯಿಸಿದವರು ಅದನ್ನು ಪೆಟ್ಟಿಗೆಯಲ್ಲಿಡಲಿಲ್ಲ. ಹಾದಿಯಲ್ಲಿ, ಬಾಗಿಲಲ್ಲಿ, ಬಂಡೆಯ ಮೇಲೆ, ಕಂಡವರೆಲ್ಲ ಓದಲೆಂದು ಬರೆಯಿಸಿದರು. ಮರ ಹಣ್ಣನ್ನು ಉದುರಿಸಿದ ಹಾಗೆ ಅದು. ‘ಓದುವವರೆಲ್ಲರದೂ’ ಎಂದೆ. ಹೇಳಿದ ಮೇಲೆ ಆ ಮಾತು ನನ್ನನ್ನೇ ತಿವಿಯಿತು. ಎಲ್ಲರಿಗೆಂದು ನಿಲ್ಲಿಸಿದ ಕಲ್ಲನ್ನು ಬಾಗಿಲು ಹಾಕಿಕೊಂಡು ಓದುತ್ತ ಬಂದವನು ನಾನು. ಅಂದು ಆ ಹಳ್ಳಿಯಲ್ಲಿ ನಡೆದ ತಪ್ಪು ಗಟ್ಟಿಯಾಗಿ ಓದಿದ್ದಲ್ಲ; ಅರ್ಧ ಓದಿ ಎದ್ದುಬಂದದ್ದು.

ಸಂಜೆ ಬಿಸಿಲು ತಗ್ಗಿದ ಮೇಲೆ ಬರಿಗಾಲಲ್ಲಿ ಚಿಕ್ಕಬೆಟ್ಟ ಏರಿದೆವು. ಬಸದಿಗಳ ಆವರಣದ ಬಾಗಿಲಲ್ಲಿ ಗಂಗರ ಮಾರಸಿಂಹನ ಕಂಬವಿದೆ. ಕೂಗೆ ಬ್ರಹ್ಮದೇವರ ಕಂಬವೆಂದು ಅದರ ಹೆಸರು. ಅವನ ಯುದ್ಧಗಳ, ಗೆಲುವುಗಳ, ಬಿರುದುಗಳ ದೀರ್ಘ ವರ್ಣನೆ ಅದರ ಮೇಲಿದೆ. ಒಗಟು: ‘ಇಷ್ಟೆಲ್ಲ ಗೆದ್ದವನು ಕೊನೆಗೆ ಏನು ಮಾಡಿದ?’ ಬಿಟ್ಟ. ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು 974ರಲ್ಲಿ ದೇಹ ತೊರೆದ. ಕಂಬದ ಪೀಠವನ್ನು ಎಂಟು ದಿಕ್ಕಿಗೂ ಹೊತ್ತಿದ್ದ ಆನೆಗಳಲ್ಲಿಯೂ ಈಗ ಕೆಲವೇ ಉಳಿದಿವೆ. ಐದನೆಯ ಹೆಸರಿಗೂ ಗೆರೆ ಬಿತ್ತು. ಬಿದ್ದ ಹಣ್ಣನ್ನು ಆರಿಸಿದ ಶುಕ್ಲಲೇಶ್ಯೆಯವನು ಒಬ್ಬನೇ ಉಳಿದ.

‘ಹಾಗಾದರೆ ನಿಧಿ?’ ಎಂದ ಮೊಮ್ಮಗ.

ಹಾಳೆಯ ಕೊನೆಯ ಸಾಲು ಅವರನ್ನು ಬಂಡೆಯ ಮೇಲಿನ ನಂದಿಸೇನ ಮುನಿಯ ಶಾಸನಕ್ಕೆ ಕರೆದೊಯ್ಯುವಂತಿತ್ತು. ಸುಮಾರು 7ನೆಯ ಶತಮಾನದ ಕನ್ನಡ ಪದ್ಯವದು, ನಮ್ಮ ನುಡಿಯಲ್ಲಿ ಕವಿತೆಯೆಂದು ಕರೆಯಬಹುದಾದ ಅತಿ ಹಳೆಯ ಬರೆಹಗಳಲ್ಲಿ ಒಂದು. ನೋಡುವವರಿಗೆ ಅದು ಕರಿಬಂಡೆಯ ಮೇಲಿನ ಗೀರುಗಳು. ನಾನು ಬಾಗಿ, ಐವತ್ತು ವರ್ಷದಲ್ಲಿ ಮೊದಲ ಬಾರಿಗೆ, ಬಯಲಿನಲ್ಲಿ ಗಟ್ಟಿಯಾಗಿ ಓದಿದೆ. ಅರ್ಥವನ್ನೂ ಪೂರ್ತಿ ಹೇಳಿದೆ: ರೂಪು, ಭೋಗ, ಸಿರಿ, ಪ್ರಭುತ್ವಗಳು ಕಾಮನಬಿಲ್ಲಿನಂತೆ, ಮಿಂಚಿನ ಬಳ್ಳಿಯಂತೆ, ಮಂಜಿನಂತೆ ತೋರಿ ಬೇಗನೆ ಮರೆಯಾಗುವಂಥವು, ಇವು ಯಾರಿಗೆ ನಿತ್ಯ, ನನಗೆ ಇವುಗಳಿಂದ ಏನಾಗಬೇಕು ಎಂದು ಆ ಮುನಿ ಸಂನ್ಯಸನವನ್ನು ಕೈಗೊಂಡನಂತೆ.

ಮಕ್ಕಳು ಸುಮ್ಮನಿದ್ದರು. ಮೊಮ್ಮಗ ಸ್ವಲ್ಪ ನಿರಾಶನಾದನೆಂದು ನನಗೆ ತೋರಿತು. ಆರು ಮುಗಿದು ಒಂದೆರಡು ವರ್ಷವಷ್ಟೇ ಆದವನಿಗೆ ಚಾಕಲೇಟಾದರೂ ಇರಬೇಕಿತ್ತು. ಮೊಮ್ಮಗಳು ಮಾತ್ರ ಬಂಡೆಯನ್ನೇ ನೋಡುತ್ತ, ‘ಸಿರಿ ಉಳಿಯಲ್ಲ ಅಂತ ಹೇಳಿದ್ದು ಮಾತ್ರ ಉಳಿದಿದೆ ಅಲ್ವಾ ತಾತ?’ ಎಂದಳು. ಇಳಿಯುವಾಗ ಕಲ್ಯಾಣಿಯ ಬಳಿ ಎಳನೀರಿನವರು ಕಾಯುತ್ತಿದ್ದರು. ಅವಳು ತನ್ನ ಅರೆಬರೆ ಕನ್ನಡದಲ್ಲಿ ಕಾಮನಬಿಲ್ಲು, ಮಿಂಚು, ಮಂಜು ಎಂದು ಪದ್ಯದ ಸಾರವನ್ನು ಹೇಳಿದಳು. ‘ಹುಟ್ದಾಗ್ಲಿಂದ ಈ ಬೆಟ್ಟದ ಕೆಳಗೇ ಇವ್ನಿ, ಹಿಂಗೆ ಬರ್ದವ್ರೆ ಅಂತ ಒಬ್ರೂ ಹೇಳಿರ್ಲಿಲ್ಲ’ ಎಂದರು ಅವರು. ಅವರು ಯಾರನ್ನೂ ದೂರುತ್ತಿರಲಿಲ್ಲ. ನನಗೆ ಮಾತ್ರ ಅದು ತಾಗಿತು.

ಮುಂದಿನ ವಾರ ಹಳೆಯ ಟಿಪ್ಪಣಿ ಪುಸ್ತಕವನ್ನು ಹುಡುಕಿ ತೆಗೆದು ಮಕ್ಕಳೊಡನೆ ಆ ಹಳ್ಳಿಗೆ ಹೋದೆ. ಗುಂಡಿ ಮುಚ್ಚಿಹೋಗಿದೆ. ಶಾಸನದ ಮೇಲಿನ ತುಂಡನ್ನು ಯಾರೋ ಅರಳಿಕಟ್ಟೆಗೆ ಒರಗಿಸಿ ಅರಿಶಿನ ಹಚ್ಚಿದ್ದಾರೆ. ಕೆಳಗಿನ ತುಂಡು ಸಿಗಲಿಲ್ಲ. ‘ನಿಧಿ, ನಿಕ್ಷೇಪ’ ಎಂಬ ಸಾಲು ಇದ್ದದ್ದು ಅದರಲ್ಲಿಯೇ. ಕಟ್ಟೆಯ ಮೇಲೆ ಕುಳಿತಿದ್ದವರು ವಾಡಿಕೆಯ ಪ್ರಶ್ನೆಯನ್ನು ಕೇಳಿದರು. ಈ ಸಲ ಕಲ್ಲಿನಿಂದ ಅರ್ಧವನ್ನೂ ಪುಸ್ತಕದಿಂದ ಅರ್ಧವನ್ನೂ ಪೂರ್ತಿ ಓದಿ, ಎಂಟು ಭೋಗಗಳನ್ನು ಒಂದೊಂದಾಗಿ ವಿವರಿಸಿದೆ. ಅಂದು ಓದಿ ಹೇಳದೆ ಹೋದವನು ನಾನೇ ಎಂಬುದನ್ನೂ ಹೇಳಿದೆ. ಯಾರೂ ಬೈಯಲಿಲ್ಲ. ಒಬ್ಬ ಹಿರಿಯರು, ‘ಅವಾಗ್ಲೇ ಹೇಳಿದ್ರೆ ಕಲ್ಲು ಉಳೀತಿತ್ತು’ ಎಂದಷ್ಟೇ ಅಂದರು. ಅದು ನಿಜ.

ಓದಿದ್ದನ್ನೂ ಅದರ ಅರ್ಥವನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದು ಊರಿನ ಶಾಲೆಗೆ ಕೊಟ್ಟುಬಂದಿದ್ದೇನೆ. ಈಗ ನನ್ನ ಬಳಿ ಇಂಥ ಇನ್ನೂ ನಲವತ್ತಕ್ಕೂ ಹೆಚ್ಚು ಹಳ್ಳಿಗಳ ಟಿಪ್ಪಣಿಗಳಿವೆ. ಒಂದೊಂದಕ್ಕೂ ಒಂದು ಹಾಳೆ ಸಿದ್ಧಪಡಿಸುವ ಕೆಲಸ ಹಿಡಿದಿದ್ದೇನೆ: ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು, ಏನನ್ನು ಓದಬೇಕು. ಪ್ರತಿ ಹಾಳೆಯ ತಲೆಯಲ್ಲಿಯೂ ಮೊಮ್ಮಗಳ ಹಟದಂತೆ ನಿಧಿ ಎಂಬ ಪದವಿದೆ. ಅದರ ಕೆಳಗೆ ಮೊದಲ ನಿಯಮ, ಏನನ್ನೂ ಮುಟ್ಟಬಾರದು. ನಾಲ್ಕನೆಯ ನಿಯಮವೊಂದನ್ನು ಹೊಸದಾಗಿ ಸೇರಿಸಿದ್ದೇನೆ: ಓದಿದವರು ಪೂರ್ತಿ ಓದಬೇಕು, ಕೇಳಿದವರಿಗೆ ಅರ್ಥ ಹೇಳಿಯೇ ಏಳಬೇಕು.